ಬಂಡಿಯ ಮೇಲಿನ ಹೆಸರು

ತರಗತಿಯಲ್ಲಿ ಕಥೆ ಹೇಳುವ ಚಟ ಅಧ್ಯಾಪಕನಿಗೆ ಬಲು ಬೇಗ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಬಿಡುವುದು ಕಷ್ಟ. ನಾನೂ ಇದಕ್ಕೆ ಹೊರತಾದವನಲ್ಲ. ರನ್ನನ ಗದಾಯುದ್ಧವನ್ನು ಪಾಠ ಮಾಡಿ ಮುಗಿಸಿದ ದಿನ, ಯುದ್ಧವೆಲ್ಲ ಮುಗಿದ ಮೇಲೆ ಉಳಿದ ಮನುಷ್ಯ ಏನು ಮಾಡಬೇಕು ಎಂಬ ಮಾತು ಬಂದೇ ಬರುತ್ತದೆ. ಆಗೆಲ್ಲ ನಾನು ಹಲವು ವರ್ಷಗಳಿಂದ ಒಂದು ಪುಟ್ಟ ಕಥೆಯನ್ನು ಹೇಳುತ್ತ ಬಂದಿದ್ದೆ. ಜರ್ಮನಿಯಲ್ಲಿ ಮೆಸ್ಸರ್‌ಶ್ಮಿಟ್ ಎಂಬ ವಿಮಾನ ತಯಾರಕನಿದ್ದ, ಅವನ ಯುದ್ಧವಿಮಾನಗಳು ಯೂರೋಪಿನ ಆಕಾಶವನ್ನೆಲ್ಲ ನಡುಗಿಸಿದುವು, ಯುದ್ಧದಲ್ಲಿ ದೇಶ ಸೋತು ನೆಲಕಚ್ಚಿದ ಮೇಲೆ ಅವನು ಮಿಕ್ಕುಳಿದ ವಿಮಾನಗಳ ಗಾಜಿನ ಗುಮ್ಮಟಗಳನ್ನು ತೆಗೆದು ಮೂರು ಗಾಲಿಗಳ ಮೇಲೆ ಕೂರಿಸಿ, ಬಡವರು ಊರೊಳಗೆ ಓಡಾಡುವುದಕ್ಕೆ ಪುಟ್ಟ ಕಾರುಗಳನ್ನು ಮಾಡಿಕೊಟ್ಟ, ಕತ್ತಿ ಕುಡುಗೋಲಾಯಿತು. ಕಥೆ ಇಷ್ಟೇ. ಹುಡುಗರು ಸಂತೋಷಪಡುತ್ತಿದ್ದರು, ನಾನೂ ಗಂಟೆ ಬಾರಿಸುವ ಮುನ್ನ ಪಾಠಕ್ಕೆ ಒಳ್ಳೆಯ ಮುಕ್ತಾಯ ದೊರೆಯಿತೆಂದು ತೃಪ್ತಿಪಡುತ್ತಿದ್ದೆ.

ಕಳೆದ ವರ್ಷ ಒಬ್ಬ ವಿದ್ಯಾರ್ಥಿ ಕಾಲೇಜಿನ ಭಾಷಣಸ್ಪರ್ಧೆಗೆ ಈ ಕಥೆಯನ್ನೇ ವಿಷಯವಾಗಿ ಆರಿಸಿಕೊಂಡು, ಇನ್ನಷ್ಟು ವಿವರಗಳು ಬೇಕೆಂದು ನನ್ನ ಬಳಿಗೆ ಬಂದ. ನನಗೆ ತಿಳಿದಿದ್ದುದೆಲ್ಲ ಅಷ್ಟೇ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ, ಒಂದು ವಾರ ಬಿಟ್ಟು ಬಾ ಎಂದು ಕಳುಹಿಸಿ, ನಾನೇ ಓದಲು ಕುಳಿತೆ. ಓದಿದಷ್ಟೂ ನನ್ನ ಕಥೆ ಕರಗುತ್ತ ಹೋಯಿತು; ಅದರ ಜಾಗದಲ್ಲಿ ಒಬ್ಬ ಮನುಷ್ಯನ ಜೀವನ ನಿಂತಿತು. ಆ ಜೀವನವನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆ.

ವಿಲ್ಲಿ ಮೆಸ್ಸರ್‌ಶ್ಮಿಟ್ ಹುಟ್ಟಿದುದು 1898ನೆಯ ಇಸವಿ ಜೂನ್ 26ರಂದು, ಫ್ರಾಂಕ್‌ಫರ್ಟಿನಲ್ಲಿ. ತಂದೆ ದ್ರಾಕ್ಷಾರಸದ ವರ್ತಕ. ಹುಡುಗ ಬೆಳೆದುದು ಬವೇರಿಯಾದ ಬಾಂಬೆರ್ಗ್ ಎಂಬ ಹಳೆಯ ಊರಿನಲ್ಲಿ. ಮನುಷ್ಯ ಹಾರಲು ಕಲಿತು ಇನ್ನೂ ಹತ್ತು ವರ್ಷ ತುಂಬಿರದ ಕಾಲ ಅದು. ಅದೇ ಊರಿನಲ್ಲಿ ಫ್ರೀಡ್ರಿಕ್ ಹಾರ್ಟ್ ಎಂಬ ವಾಸ್ತುಶಿಲ್ಪಿಯಿದ್ದ. ಎಂಜಿನ್ನಿಲ್ಲದೆ, ಬರಿಯ ಗಾಳಿಯ ಬಲದಿಂದ ತೇಲುವ ಗ್ಲೈಡರುಗಳನ್ನು ಕಟ್ಟುವುದೇ ಆತನ ಹಂಬಲ. ಹದಿಹರೆಯದ ವಿಲ್ಲಿ ಆತನ ಶಿಷ್ಯನಾಗಿ ಸೇರಿದ. 1914ರಲ್ಲಿ ಮಹಾಯುದ್ಧ ಪ್ರಾರಂಭವಾಗಿ ಗುರು ಸೈನ್ಯಕ್ಕೆ ಹೋದಾಗ, ಶಿಷ್ಯ ಊರಿನಲ್ಲೇ ಉಳಿದು ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಿದ. ಆಗ ಅವನಿಗೆ ಹದಿನಾರು ವರ್ಷ. ಗುರುಶಿಷ್ಯರ ಈ ದುಡಿಮೆ ಯುದ್ಧಾನಂತರವೂ ನಡೆದು, 1921ರಲ್ಲಿ ಹಾರ್ಟ್ ಇಪ್ಪತ್ತೊಂದು ನಿಮಿಷಗಳ ಕಾಲ ಆಕಾಶದಲ್ಲಿ ತೇಲಿ ಜನರನ್ನು ಬೆರಗುಗೊಳಿಸಿದ. ಆ ವರ್ಷವೇ ಬಿದ್ದು ತೀವ್ರವಾಗಿ ಗಾಯಗೊಂಡ. ಮುಂದೆ ಇಬ್ಬರ ದಾರಿಗಳು ಬೇರೆಯಾದುವು.

ಗ್ಲೈಡರು ಕಲಿಸಿದ ಪಾಠ ಒಂದೇ: ಭಾರವೇ ಶತ್ರು. ಎಂಜಿನ್ನಿಲ್ಲದ ಯಂತ್ರದಲ್ಲಿ ಒಂದು ಮೊಳೆ ಹೆಚ್ಚಾದರೂ ಅದರ ಲೆಕ್ಕವನ್ನು ಗಾಳಿಗೆ ಒಪ್ಪಿಸಬೇಕಾಗುತ್ತದೆ. ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿ, 1923ರಲ್ಲಿ ತನ್ನದೇ ಸಣ್ಣ ಸಂಸ್ಥೆಯನ್ನು ತೆರೆದ ಮೇಲೂ ಮೆಸ್ಸರ್‌ಶ್ಮಿಟ್ ಈ ಪಾಠವನ್ನು ಮರೆಯಲಿಲ್ಲ. ಎಂ 17 ಎಂಬ ಅವನ ಪುಟ್ಟ ವಿಮಾನ 1926ರಲ್ಲಿ ಬಾಂಬೆರ್ಗಿನಿಂದ ಹೊರಟು ಆಲ್ಪ್ಸ್ ಪರ್ವತಗಳನ್ನು ದಾಟಿ ರೋಮನ್ನು ತಲಪಿತು. ಮರುವರ್ಷ ಆಗ್ಸ್‌ಬರ್ಗಿನ ವಿಮಾನ ಕಾರ್ಖಾನೆಯೊಡನೆ ಅವನ ಸಂಸ್ಥೆ ಕೂಡಿಕೊಂಡಿತು. ಎಲ್ಲಿ ಬೇರೆಯವರು ಎರಡು ತೊಲೆಗಳನ್ನು ಹಾಕುತ್ತಿದ್ದರೋ ಅಲ್ಲಿ ಅವನು ಒಂದನ್ನೇ ಹಾಕುತ್ತಿದ್ದ. ಹಗುರವೇ ಅವನ ಕಲೆ. ಅವನ ಖ್ಯಾತಿಯೂ ಅದೇ, ಅಪಖ್ಯಾತಿಯೂ ಅದೇ.

ಅಪಖ್ಯಾತಿ ಬರಲು ತಡವಾಗಲಿಲ್ಲ. ಎಂ 20 ಎಂಬ ಪ್ರಯಾಣಿಕರ ವಿಮಾನ 1928ರ ತನ್ನ ಮೊದಲ ಹಾರಾಟದಲ್ಲೇ ಬಿದ್ದು, ಚಾಲಕ ಹಾನ್ಸ್ ಹಾಕ್‌ಮಾಕ್ ಸತ್ತ. ಆತ ಲುಫ್ಟ್‌ಹಾನ್ಸಾ ಸಂಸ್ಥೆಯ ಮುಖ್ಯಸ್ಥರಲ್ಲೊಬ್ಬನಾದ ಎರ್ಹಾರ್ಡ್ ಮಿಲ್ಖನ ಆಪ್ತಮಿತ್ರ. ಮುಂದೆ 1930 ಮತ್ತು 1931ರಲ್ಲಿ ಇದೇ ಜಾತಿಯ ವಿಮಾನಗಳು ಮತ್ತೆ ಬಿದ್ದು ಜನ ಸತ್ತರು. ಬೇಡಿಕೆಗಳು ರದ್ದಾಗಿ, 1931ರಲ್ಲಿ ಕಾರ್ಖಾನೆ ದಿವಾಳಿಯೆದ್ದಿತು. ಮೆಸ್ಸರ್‌ಶ್ಮಿಟ್ ವಿಮಾನಗಳನ್ನು ಅಳತೆಮೀರಿ ಹಗುರಗೊಳಿಸುತ್ತಾನೆ, ಆ ಹಗುರಕ್ಕೆ ಬೆಲೆ ತೆರುವವರು ಒಳಗೆ ಕುಳಿತವರು ಎಂಬ ಆಪಾದನೆ ಅವನ ಹೆಸರಿಗೆ ಅಂಟಿಕೊಂಡಿತು. ಮಿಲ್ಖನಂತೂ ಬದುಕಿರುವತನಕ ಅವನನ್ನು ಕ್ಷಮಿಸಲಿಲ್ಲ.

1933ರಲ್ಲಿ ಹಿಟ್ಲರನ ಕೈಗೆ ಅಧಿಕಾರ ಬಂದಿತು. ಮಿಲ್ಖ್ ವಿಮಾನ ಸಚಿವಾಲಯದ ಕಾರ್ಯದರ್ಶಿಯಾದ. ಮೆಸ್ಸರ್‌ಶ್ಮಿಟ್ ಅದೇ ವರ್ಷ ನಾಟ್ಸಿ ಪಕ್ಷವನ್ನು ಸೇರಿದ. ಶತ್ರು ಸಚಿವಾಲಯದಲ್ಲಿ ಕುಳಿತಿದ್ದರೂ ಈ ಎಂಜಿನಿಯರಿನ ಪ್ರತಿಭೆಯನ್ನು ಅಲ್ಲಗಳೆಯುವುದು ಸಾಧ್ಯವಾಗಲಿಲ್ಲ. 1935ರಲ್ಲಿ ಬಿಎಫ್ 109 ಎಂಬ ಕಾದಾಟದ ವಿಮಾನ ಮೊದಲ ಬಾರಿ ಹಾರಿತು. ಮುಂದೆ ಲಂಡನ್ನಿನ ಮೇಲೆ ಹಾರಲಿದ್ದ ಆ ವಿಮಾನದ ಮೊದಲ ಮಾದರಿಗೆ ಜೋಡಿಸಿದ್ದುದು ಇಂಗ್ಲೆಂಡಿನ ರೋಲ್ಸ್‌ರಾಯ್ಸ್ ಎಂಜಿನು! ದೊಡ್ಡ ಎಂಜಿನ್ನಿನ ಸುತ್ತ ಆದಷ್ಟು ಚಿಕ್ಕದಾದ ಒಡಲನ್ನು ಕಟ್ಟುವುದು ಅದರ ರಹಸ್ಯ. ಗಾಲಿಯ ಕಾಲುಗಳನ್ನು ರೆಕ್ಕೆಗೆ ಬದಲಾಗಿ ಒಡಲಿಗೇ ಸೇರಿಸಿದ್ದರಿಂದ ರೆಕ್ಕೆಗಳು ಹಗುರವಾದುವು, ಅವನ್ನು ಬಿಚ್ಚಿ ಹೂಡುವುದೂ ಸುಲಭವಾಯಿತು. ಆದರೆ ಗಾಲಿಗಳ ನಡುವಿನ ಅಂತರ ಕಿರಿದಾಗಿ, ನೆಲಕ್ಕಿಳಿಯುವಾಗ ಅನೇಕ ವಿಮಾನಗಳು ಮುಗ್ಗರಿಸಿದುವು. ಹೀಗಿದ್ದರೂ ಸುಮಾರು 34,000 ಬಿಎಫ್ 109 ವಿಮಾನಗಳು ತಯಾರಾದುವು. ಕಾದಾಟದ ವಿಮಾನಗಳಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ತಯಾರಾದುದು ಇನ್ನೊಂದಿಲ್ಲ. 1938ರಲ್ಲಿ ಕಾರ್ಖಾನೆಗೆ ಅವನ ಹೆಸರನ್ನೇ ಇಟ್ಟರು. ಅದೇ ವರ್ಷ ಪೋರ್ಷೆ, ಹೈಂಕೆಲ್ ಮೊದಲಾದವರೊಡನೆ ಅವನಿಗೆ ರಾಷ್ಟ್ರ ಪಾರಿತೋಷಕ ದೊರೆಯಿತು. 1939ರ ಏಪ್ರಿಲಿನಲ್ಲಿ ಅವನ ಒಂದು ವಿಮಾನ ಗಂಟೆಗೆ 755 ಕಿಲೋಮೀಟರ್ ವೇಗದಲ್ಲಿ ಹಾರಿ ಸ್ಥಾಪಿಸಿದ ದಾಖಲೆಯನ್ನು, ಪಿಸ್ಟನ್ ಎಂಜಿನ್ನಿನ ವಿಮಾನಗಳಲ್ಲಿ, 1969ರವರೆಗೆ ಯಾವುದೂ ಮುರಿಯಲಾರದೆ ಹೋಯಿತು.

ಏರಿದಂತೆ ಇಳಿತವೂ ಬಂದಿತು. 1941ರ ಮೇ 10ರಂದು ಹಿಟ್ಲರನ ಆಪ್ತನಾದ ರುಡಾಲ್ಫ್ ಹೆಸ್ ಆಗ್ಸ್‌ಬರ್ಗಿನಲ್ಲಿ ಕಾರ್ಖಾನೆಯ ಬಯಲಿನಿಂದಲೇ ಒಂದು ಮೆಸ್ಸರ್‌ಶ್ಮಿಟ್ ವಿಮಾನವನ್ನು ಹಾರಿಸಿಕೊಂಡು ಸ್ಕಾಟ್‌ಲೆಂಡಿಗೆ ಹೋಗಿಬಿಟ್ಟ. ಮರುವರ್ಷ ಎಂಇ 210 ಎಂಬ ಹೊಸ ವಿಮಾನ ಪೂರ್ತಿ ವಿಫಲವಾಗಿ, ಸಂಸ್ಥೆಯ ಆಡಳಿತದ ಪದವಿಯನ್ನು ಮೆಸ್ಸರ್‌ಶ್ಮಿಟ್ ಬಿಟ್ಟುಕೊಡಬೇಕಾಯಿತು. ಆದರೂ ನಕ್ಷೆಯ ಮೇಜಿನ ಮುಂದೆ ಅವನೇ ಉಳಿದ. 1942ರ ಜುಲೈ 18ರಂದು ಎಂಇ 262 ಜೆಟ್ ಎಂಜಿನ್ನುಗಳ ಬಲದಿಂದಲೇ ಹಾರಿತು. ಯುದ್ಧರಂಗಕ್ಕಿಳಿದ ಮೊದಲ ಜೆಟ್ ಕಾದಾಟದ ವಿಮಾನ ಅದು.

ಇಲ್ಲಿಯವರೆಗೆ ಓದಿ ನಾನು ಪುಸ್ತಕವನ್ನು ಮುಚ್ಚಿದ್ದರೆ ನನ್ನ ಕಥೆಗೆ ಅಪಾಯವಿರುತ್ತಿರಲಿಲ್ಲ. ಪ್ರತಿಭೆಯುಳ್ಳವನೊಬ್ಬ ಕೆಟ್ಟ ಕಾಲದಲ್ಲಿ ಹುಟ್ಟಿದ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಮುಂದಿನ ಪುಟಗಳೂ ಇದ್ದುವು.

1943ರ ಆಗಸ್ಟ್ 17ರಂದು ಅಮೆರಿಕದ ವಿಮಾನಗಳು ರೇಗೆನ್ಸ್‌ಬುರ್ಗಿನ ಮೆಸ್ಸರ್‌ಶ್ಮಿಟ್ ಕಾರ್ಖಾನೆಯ ಮೇಲೆ ಬಾಂಬು ಸುರಿಸಿದುವು. ಆಮೇಲೆ ವಿಮಾನಗಳ ಬಿಡಿಭಾಗಗಳ ತಯಾರಿಕೆಯನ್ನು ಕಾಡುಗಳಿಗೂ ಸುರಂಗಗಳಿಗೂ ಚದರಿಸಿದರು. ದುಡಿಯುವ ಕೈಗಳು ಎಲ್ಲಿಂದ ಬಂದುವು? ಸೆರೆಶಿಬಿರಗಳಿಂದ. ದಾಖೌ ಶಿಬಿರದ ಕೈದಿಗಳು ಆಗ್ಸ್‌ಬರ್ಗಿನ ಸುತ್ತಮುತ್ತ ದುಡಿದರು. ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಕಲ್ಲು ಒಡೆಯುತ್ತಿದ್ದವರನ್ನು ತಂದು ಬಿಎಫ್ 109ರ ಭಾಗಗಳನ್ನು ಮಾಡಲು ಕೂರಿಸಿದರು. ಆಸ್ಟ್ರಿಯಾದ ಗುಸೆನ್ನಿನ ಬಳಿ, ಸಾಂಕ್ಟ್ ಗೇಯೋರ್ಗೆನ್ ಎಂಬ ಹಳ್ಳಿಯ ಗುಡ್ಡದೊಳಗೆ, 1944ರಲ್ಲಿ ಕೈದಿಗಳಿಂದಲೇ ಸುರಂಗಗಳನ್ನು ಕೊರೆಯಿಸಿ, ಎಂಇ 262ರ ಒಡಲುಗಳನ್ನು ಅಲ್ಲಿ ಜೋಡಿಸಿದರು. ಗುಸೆನ್ನಿನ ಶಿಬಿರಗಳಲ್ಲಿ ಒಟ್ಟು ಸತ್ತವರು ಮೂವತ್ತು ಸಾವಿರಕ್ಕೂ ಹೆಚ್ಚು. ಇವರೆಲ್ಲರೂ ವಿಮಾನದ ಕೆಲಸದಲ್ಲೇ ಸತ್ತವರಲ್ಲ, ನಿಜ. ಆದರೆ ಆ ಗುಡ್ಡದೊಳಗಿನ ವಿಮಾನಗಳಿಗೆ ಅವರಲ್ಲಿ ಸಾವಿರಾರು ಜನರ ಉಸಿರು ಸಂದಿದೆ.

ಒಂದೊಂದು ಮೊಳೆಯ ಭಾರವನ್ನೂ ಲೆಕ್ಕವಿಡುತ್ತಿದ್ದ ಮನುಷ್ಯ ಈ ಭಾರವನ್ನು ಯಾವ ಕಾಗದದಲ್ಲಿ ಬರೆದುಕೊಂಡಿದ್ದ? ನಾನು ಬಹಳ ಹೊತ್ತು ಈ ಪ್ರಶ್ನೆಯ ಮುಂದೆ ಕುಳಿತಿದ್ದೆ. ಅವನು ಕೈದಿಗಳನ್ನು ಹಿಡಿತರಲಿಲ್ಲ, ಶಿಬಿರವನ್ನು ಕಟ್ಟಲಿಲ್ಲ, ಚಾವಟಿಯನ್ನು ಹಿಡಿಯಲಿಲ್ಲ ಎನ್ನಬಹುದು. ಆದರೆ ವಿಮಾನ ಅವನದು, ಹೆಸರು ಅವನದು, ಸಂಸ್ಥೆಯ ವ್ಯಾಪಾರ ಅವನದು. ತನ್ನ ಯಂತ್ರವನ್ನು ಯಾರು ಕಟ್ಟುತ್ತಿದ್ದಾರೆಂದು ತಿಳಿಯದವನಲ್ಲ ಆತ.

ಯುದ್ಧ ಮುಗಿದ ಮೇಲೆ ಅವನು ಎರಡು ವರ್ಷ ಬಂಧನದಲ್ಲಿದ್ದ. 1948ರಲ್ಲಿ ನಾಟ್ಸಿಗಳ ವಿಚಾರಣೆಗೆಂದು ಏರ್ಪಟ್ಟ ನ್ಯಾಯಮಂಡಲಿ ಅವನನ್ನು ಮುಖ್ಯ ಅಪರಾಧಿಗಳ ಸಾಲಿಗೆ ಸೇರಿಸದೆ, ಜೊತೆಯಲ್ಲಿ ನಡೆದವರ ವರ್ಗಕ್ಕೆ ಸೇರಿಸಿತು. ಜರ್ಮನಿಯಲ್ಲಿ ವಿಮಾನ ತಯಾರಿಕೆಗೆ ನಿಷೇಧವಿತ್ತು. ವಿಮಾನ ಮಾಡಿದ ಸಂಸ್ಥೆ ಹೊಲಿಗೆಯಂತ್ರಗಳನ್ನೂ ಜೋಡಿಸಿ ನಿಲ್ಲಿಸುವ ಮನೆಗಳನ್ನೂ ಮಾಡತೊಡಗಿತು. ನನ್ನ ಕಥೆಯ ಪುಟ್ಟ ಕಾರು ಬರುವುದು ಈ ಘಟ್ಟದಲ್ಲಿ.

ಆದರೆ ಅದನ್ನು ಕಲ್ಪಿಸಿದವನು ಮೆಸ್ಸರ್‌ಶ್ಮಿಟ್ ಅಲ್ಲ. 1920ರಲ್ಲಿ ಹುಟ್ಟಿದ ಫ್ರಿಟ್ಸ್ ಫೆಂಡ್ ಎಂಬ ತರುಣ ಎಂಜಿನಿಯರು ಬವೇರಿಯಾದ ರೋಜೆನ್‌ಹೈಮಿನಲ್ಲಿ, ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗಾಗಿ ಮೂರು ಗಾಲಿಯ ಗಾಡಿಯೊಂದನ್ನು ಮಾಡುತ್ತಿದ್ದ. ಮೊದಮೊದಲು ಅದು ಕುಳಿತವರ ಮೈಬಲದಿಂದಲೇ ಓಡುತ್ತಿತ್ತು. ಆಮೇಲೆ ಅದಕ್ಕೆ ಒಂದು ಪುಟ್ಟ ಎಂಜಿನ್ನನ್ನು ಕೂರಿಸಿದ. ಆಶ್ಚರ್ಯವೆಂದರೆ, ಕೈಕಾಲು ನೆಟ್ಟಗಿದ್ದವರೂ ಆ ಗಾಡಿಯನ್ನು ಕೇಳಿಕೊಂಡು ಬಂದರು. ಜನರಿಗೆ ಕಾರು ಕೊಳ್ಳುವ ಶಕ್ತಿಯಿರಲಿಲ್ಲ. ಮೋಟಾರ್‌ಸೈಕಲ್ಲಿನ ಮೇಲೆ ಮಳೆ, ಚಳಿ ತಪ್ಪುತ್ತಿರಲಿಲ್ಲ. ಇವೆರಡರ ನಡುವಿನ ವಾಹನವೊಂದು ಬೇಕಾಗಿತ್ತು. ಇಬ್ಬರು ಕೂರುವ ಗಾಡಿಯ ಆಲೋಚನೆಯನ್ನು ಹೊತ್ತು ಫೆಂಡ್ 1952ರಲ್ಲಿ ಮೆಸ್ಸರ್‌ಶ್ಮಿಟ್‌ನ ಬಳಿಗೆ ಹೋದ. ರೇಗೆನ್ಸ್‌ಬುರ್ಗಿನ ಕಾರ್ಖಾನೆಗೆ ಕೆಲಸ ಬೇಕಾಗಿತ್ತು. ಮಾತು ಕುದುರಿತು.

1953ರಲ್ಲಿ ಕೆಆರ್ 175, 1955ರಲ್ಲಿ ಅದಕ್ಕಿಂತ ಉತ್ತಮವಾದ ಕೆಆರ್ 200 ಹೊರಬಂದುವು. ಮುಂದೆ ಎರಡು ಗಾಲಿ, ಹಿಂದೆ ಒಂದು. ಉದ್ದ ಮೂರು ಮೀಟರಿಗೂ ಕಡಿಮೆ. ತೂಕ ಸುಮಾರು 230 ಕಿಲೋಗ್ರಾಂ. 191 ಸಿ.ಸಿ.ಯ ಸಾಕ್ಸ್ ಎಂಜಿನ್ನು, ಸುಮಾರು ಹತ್ತು ಕುದುರೆಗಳ ಶಕ್ತಿ, ಗಂಟೆಗೆ 90 ಕಿಲೋಮೀಟರ್ ವೇಗ. ಕಾರಿನ ದುಂಡು ಚಕ್ರದ ಬದಲು ಕೈಯಲ್ಲಿ ಹಿಡಿಯುವ ಹಿಡಿಕೆಯೇ ಅದರ ಚುಕ್ಕಾಣಿ. ಇಬ್ಬರು ಅಕ್ಕಪಕ್ಕದಲ್ಲಿ ಕೂರದೆ ಒಬ್ಬರ ಹಿಂದೆ ಒಬ್ಬರು ಕೂರಬೇಕು; ಇದರಿಂದ ಮೈ ಕಿರಿದಾಗಿ ಗಾಳಿಯ ತಡೆ ಕಡಿಮೆಯಾಯಿತು. ಬಾಗಿಲಿಲ್ಲ, ಪಾರದರ್ಶಕ ಗುಮ್ಮಟವನ್ನೇ ಒಂದು ಪಕ್ಕಕ್ಕೆ ಎತ್ತಿ ಒಳಗಿಳಿಯಬೇಕು. ಹಿಂದಕ್ಕೆ ಹೋಗಬೇಕಾದರೆ ಎಂಜಿನ್ನನ್ನು ನಿಲ್ಲಿಸಿ, ಬೀಗದ ಕೈಯನ್ನು ಇನ್ನಷ್ಟು ಒಳಕ್ಕೆ ಒತ್ತಿ ಚಾಲೂ ಮಾಡಿದರೆ, ಎಂಜಿನ್ನೇ ತಿರುಗುಮುರುಗಾಗಿ ಸುತ್ತುತ್ತಿತ್ತು. ಮುಂದಕ್ಕಿದ್ದ ನಾಲ್ಕು ಗೇರುಗಳೂ ಆಗ ಹಿಂದಕ್ಕೆ ದೊರೆಯುತ್ತಿದ್ದುವು! ಆ ಗಾಜಿನಂಥ ಗುಮ್ಮಟವನ್ನು ಕಂಡ ಜನ ಹಿಮಕನ್ಯೆಯ ಶವಪೆಟ್ಟಿಗೆಯೆಂದು ಹಾಸ್ಯಮಾಡಿದರು. ನಗುವವರ ಬಾಯಿ ಮುಚ್ಚಿಸಲೋ ಎಂಬಂತೆ, 1955ರ ಆಗಸ್ಟಿನಲ್ಲಿ ಹಾಕೆನ್‌ಹೈಮಿನ ಓಟದ ದಾರಿಯಲ್ಲಿ ಮಾರ್ಪಡಿಸಿದ ಒಂದು ಕೆಆರ್ 200 ಇಪ್ಪತ್ತನಾಲ್ಕು ಗಂಟೆಗಳ ಕಾಲ, ಗಂಟೆಗೆ ಸರಾಸರಿ 103 ಕಿಲೋಮೀಟರಿನಂತೆ ಓಡಿ, ತನ್ನ ವರ್ಗದ 22 ದಾಖಲೆಗಳನ್ನು ಮುರಿಯಿತು.

ವಾಚಕರು ಗಮನಿಸಬೇಕು: ಆ ಗುಮ್ಮಟಗಳು ಮಿಕ್ಕುಳಿದ ಯುದ್ಧವಿಮಾನಗಳವಲ್ಲ. ಅವನ್ನು ಈ ಬಂಡಿಗೆಂದೇ ಹೊಸದಾಗಿ ಅಚ್ಚುಹಾಕಿ ಮಾಡಿದ್ದರು. ರೂಪ ವಿಮಾನದಂತಿತ್ತು, ಹೆಸರು ವಿಮಾನದವನದಾಗಿತ್ತು. ಇವೆರಡನ್ನೂ ಕೂಡಿಸಿ ಜನ ಕಥೆ ಕಟ್ಟಿದರು. ಆ ಕಥೆ ಭೂಮಿಯನ್ನು ಸುತ್ತಿ ನನ್ನ ತರಗತಿಯವರೆಗೂ ಬಂದಿತ್ತು. ನಾನು ಅದನ್ನು ಪರೀಕ್ಷಿಸದೆ ಮುಂದಕ್ಕೆ ದಾಟಿಸಿದ್ದೆ.

ಕತ್ತಿ ಕುಡುಗೋಲಾಯಿತೆಂಬ ಮಾತಾದರೂ ಉಳಿಯಿತೆ? ಅದೂ ಉಳಿಯಲಿಲ್ಲ. ನಿಷೇಧ ಸಡಿಲಿ ಜರ್ಮನಿಗೆ ಮತ್ತೆ ವಿಮಾನ ಮಾಡುವ ಅವಕಾಶ ದೊರೆತ ಕೂಡಲೇ ಮೆಸ್ಸರ್‌ಶ್ಮಿಟ್ ಪುಟ್ಟ ಬಂಡಿಯನ್ನು ಕೈಬಿಟ್ಟ. 1957ರ ಆದಿಯಿಂದ ರೇಗೆನ್ಸ್‌ಬುರ್ಗಿನ ತಯಾರಿಕೆ ಫೆಂಡ್ ಮತ್ತು ಅವನ ಪಾಲುದಾರನ ಹೊಸ ಸಂಸ್ಥೆಗೆ ಸೇರಿತು. ಜನರ ಕೈಯಲ್ಲಿ ಹಣ ಓಡಾಡತೊಡಗಿ ನಾಲ್ಕು ಗಾಲಿಯ ಕಾರುಗಳು ಎಟುಕಿದಂತೆಲ್ಲ ಬೇಡಿಕೆ ಕುಗ್ಗಿ, 1964ರಲ್ಲಿ ಕೆಆರ್ 200 ನಿಂತುಹೋಯಿತು. ಅಷ್ಟರಲ್ಲಿ ಸುಮಾರು ಮೂವತ್ತು ಸಾವಿರ ಬಂಡಿಗಳು ಬೀದಿಗಿಳಿದಿದ್ದುವು.

ಬಂಡಿ ಇನ್ನೂ ತಯಾರಾಗುತ್ತಿದ್ದ ಕಾಲದಲ್ಲೇ ಮೆಸ್ಸರ್‌ಶ್ಮಿಟ್‌ನ ಮನಸ್ಸು ಬೇರೆಲ್ಲೋ ಇತ್ತು. ಸ್ವದೇಶದಲ್ಲಿ ನಿಷೇಧವಿದ್ದುದರಿಂದ ಅವನು ಸ್ಪೇನಿನ ಸೆವಿಲ್ಲಾದಲ್ಲಿ ಜೆಟ್ ವಿಮಾನವೊಂದರ ನಕ್ಷೆ ಬರೆಯುತ್ತಿದ್ದ; ಅದು 1955ರಲ್ಲಿ ಹಾರಿತು. ಅದರ ಬೆನ್ನಿಗೇ ಪ್ರಾರಂಭಿಸಿದ ಎಚ್‌ಎ 300 ಎಂಬ ಕಾದಾಟದ ವಿಮಾನ ಸ್ಪೇನಿನಿಂದ ಈಜಿಪ್ಟಿನ ಹೆಲ್ವಾನಿಗೆ ವರ್ಗವಾಯಿತು. ಇಲ್ಲಿ ನಮ್ಮ ಬೆಂಗಳೂರಿನ ಹೆಸರು ಅನಿರೀಕ್ಷಿತವಾಗಿ ಬರುತ್ತದೆ. 1956ರಿಂದ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಕುರ್ಟ್ ಟ್ಯಾಂಕ್ ಎಂಬ ಇನ್ನೊಬ್ಬ ಜರ್ಮನ್ ತಜ್ಞ ಮಾರುತ ವಿಮಾನವನ್ನು ರೂಪಿಸುತ್ತಿದ್ದ; ಯುದ್ಧಕಾಲದಲ್ಲಿ ಈತ ಮೆಸ್ಸರ್‌ಶ್ಮಿಟ್‌ನ ಪ್ರತಿಸ್ಪರ್ಧಿ. ಮಾರುತ 1961ರಲ್ಲಿ ಹಾರಿತು. ಆದರೆ ಅದಕ್ಕೆ ತಕ್ಕ ಬಲದ ಎಂಜಿನ್ನು ಸಿಕ್ಕಿರಲಿಲ್ಲ. ಹೆಲ್ವಾನಿನಲ್ಲಿ ಎಚ್‌ಎ 300ಕ್ಕೆಂದು ತಯಾರಾಗುತ್ತಿದ್ದ ಎಂಜಿನ್ನು ಮಾರುತಕ್ಕೂ ಒದಗೀತೆಂಬ ಆಸೆಯಿಂದ ಎರಡು ದೇಶಗಳೂ ಕೈಜೋಡಿಸಿದುವು. 1964ರ ಮಾರ್ಚ್ 7ರಂದು ಎಚ್‌ಎ 300ನ್ನು ಮೊದಲ ಬಾರಿಗೆ ಹಾರಿಸಿದವರು ಭಾರತೀಯ ವಾಯುಸೇನೆಯ ಕಪಿಲ್ ಭಾರ್ಗವ. ಎಂಜಿನ್ನಿನ ಪರೀಕ್ಷೆಗೆಂದು ಒಂದು ಮಾರುತವನ್ನೂ ಈಜಿಪ್ಟಿಗೆ ಕಳುಹಿಸಲಾಗಿತ್ತು. 1969ರಲ್ಲಿ ಈಜಿಪ್ಟು ಯೋಜನೆಯನ್ನೇ ಕೈಬಿಟ್ಟಿತು. ಮಾರುತ ಕೊನೆಯವರೆಗೂ ತನಗೆ ಸಾಲದ ಎಂಜಿನ್ನಿನಿಂದಲೇ ಹಾರಿತು.

ಮೆಸ್ಸರ್‌ಶ್ಮಿಟ್‌ನ ಸಂಸ್ಥೆ 1968ರಲ್ಲಿ ಬ್ಯೋಲ್ಕೋ ಸಂಸ್ಥೆಯೊಡನೆಯೂ ಮರುವರ್ಷ ಹಾಂಬುರ್ಗಿನ ವಿಮಾನ ಸಂಸ್ಥೆಯೊಡನೆಯೂ ಸೇರಿ ದೊಡ್ಡದಾಯಿತು. 1970ರಲ್ಲಿ ನಿವೃತ್ತನಾದ ಆತ, 1978ರ ಸೆಪ್ಟೆಂಬರ್ 15ರಂದು, ಎಂಬತ್ತು ವರ್ಷ ತುಂಬಿದ ಮೇಲೆ, ಮ್ಯೂನಿಕ್ಕಿನಲ್ಲಿ ಗೌರವಸ್ಥನಾಗಿಯೇ ಕಣ್ಣುಮುಚ್ಚಿದ.

ವಾರ ಕಳೆದು ವಿದ್ಯಾರ್ಥಿ ಬಂದ. ನಾನು ಓದಿದುದನ್ನೆಲ್ಲ ಹೇಳಿ, ಇಷ್ಟು ವರ್ಷ ಹೇಳಿದ ಕಥೆ ಸುಳ್ಳಪ್ಪಾ ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆ ಬಂಡಿಯನ್ನು ಒಳ್ಳೆಯದು ಎನ್ನಬಾರದೆ ಸಾರ್ ಎಂದು ಕೇಳಿದ. ಕವಿಯ ನಡತೆಗೂ ಕಾವ್ಯದ ಗುಣಕ್ಕೂ ಇರುವ ಸಂಬಂಧವನ್ನು ಕುರಿತು ವರ್ಷವರ್ಷವೂ ಪಾಠ ಮಾಡುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮಳೆಯಲ್ಲಿ ನೆನೆಯದೆ ಕೆಲಸಕ್ಕೆ ಹೋಗಿಬಂದ ಸಾವಿರಾರು ಸಾಮಾನ್ಯರಿಗೆ ಆ ಬಂಡಿ ಒಳ್ಳೆಯದೇ ಆಗಿತ್ತು. ಕಾಲಿಲ್ಲದವರಿಗಾಗಿ ಹುಟ್ಟಿದ ಆ ಆಲೋಚನೆಯೂ ಒಳ್ಳೆಯದೇ. ಅದರಿಂದ ಅದರ ಮೇಲಿದ್ದ ಹೆಸರು ಶುದ್ಧವಾಯಿತೆಂದು ಹೇಳುವುದು ಮಾತ್ರ ತಪ್ಪು. ನಾನು ಮಾಡುತ್ತಿದ್ದುದು ಅದೇ. ನನ್ನ ಕಥೆಗೆ ಒಂದು ಮುಕ್ತಾಯ ಬೇಕಾಗಿತ್ತು. ಅದಕ್ಕಾಗಿ ಗುಸೆನ್ನಿನ ಸುರಂಗದಲ್ಲಿದ್ದವರನ್ನು ಅರಿಯದೆಯೇ ಕಥೆಯಿಂದ ಹೊರಗಿಟ್ಟಿದ್ದೆ.

ಇದನ್ನೇ ಅವನಿಗೆ ಹೇಳಿದೆ. ಆತ ಭಾಷಣವನ್ನು ಬದಲಿಸಿಕೊಂಡ. ಫೆಂಡನ ಗಾಡಿಯಿಂದ ಪ್ರಾರಂಭಿಸಿ, ಸುರಂಗದ ವಿಷಯವನ್ನು ಮುಚ್ಚಿಡದೆ ಹೇಳಿದ. ಸಭೆ ಹಿಂದಿನಂತೆ ನಗಲಿಲ್ಲ. ಬಹುಮಾನವೂ ಬೇರೆಯವರಿಗೆ ಹೋಯಿತು. ಈ ವರ್ಷ ಗದಾಯುದ್ಧ ಮುಗಿದ ದಿನ ಹುಡುಗರು ಮತ್ತೆ ಪುಟ್ಟ ಕಾರಿನ ಕಥೆಯನ್ನು ಕೇಳಿದರು. ಹಿರಿಯ ತರಗತಿಯವರು ಅವರಿಗೆ ಹೇಳಿಟ್ಟಿದ್ದರಂತೆ. ನಾನು ಹೇಳಿದೆ, ಪೂರ್ತಿಯಾಗಿ ಹೇಳಿದೆ. ಗಂಟೆ ಬಾರಿಸಿದಾಗ ಕಥೆ ಇನ್ನೂ ಮುಗಿದಿರಲಿಲ್ಲ. ಉಳಿದುದನ್ನು ಮರುದಿನ ಹೇಳಬೇಕಾಯಿತು.